ನೆನೆಸದ ಬೊಡ್ಡೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸುಳ್ಳು ಹೇಳುವ ಪೈಕಿ ಅಲ್ಲ. ಮೂವತ್ತು ವರ್ಷದಿಂದ ಊರವರ ಮೀನಿನ ತೊಟ್ಟಿ ತೊಳೆಯುತ್ತಿದ್ದೇನೆ. ಮೀನು ಸತ್ತಿದ್ದರೆ ಸತ್ತಿದೆ ಎನ್ನುತ್ತೇನೆ. ನಿಮ್ಮ ಮುದ್ದಿನ ಮಗ ಬಿಸ್ಕತ್ತು ಹಾಕಿ ಸಾಯಿಸಿದ ಎಂದೂ ಮುಖಕ್ಕೇ ಹೇಳುತ್ತೇನೆ. ಆ ನಾಲಿಗೆಯಿಂದಲೇ ಎರಡು ಮನೆಯ ಕೆಲಸ ಹೋಯಿತು. ಹೋದರೆ ಹೋಗಲಿ, ಬಿಡಿ. ಅಂಥ ನಾನು ನಾಲ್ಕು ತಿಂಗಳು ಒಂದು ಮರದ ಬೊಡ್ಡೆಯ ವಿಷಯದಲ್ಲಿ ಸುಳ್ಳು ಹೇಳಿದೆ. ಅದೂ ವಾರ ವಾರ, ಅದೂ ನಾನು ಹೇಳಿದ್ದನ್ನೆಲ್ಲ ನಂಬುವವಳಿಗೆ.

ಜನ ನನ್ನನ್ನು ಮೀನಕ್ಕ ಎನ್ನುತ್ತಾರೆ. ಅಂಗಡಿ, ಆಫೀಸು, ದೊಡ್ಡ ಮನೆಗಳ ಹಜಾರ, ಎಲ್ಲೆಲ್ಲಿ ಗಾಜಿನ ತೊಟ್ಟಿ ಇದೆಯೋ ಅಲ್ಲಿಗೆ ಬಕೆಟ್ಟು, ಪೈಪು, ಸ್ಪಂಜು ಹಿಡಿದು ಹೋಗುತ್ತೇನೆ. ಈ ಕಸುಬಿನದ್ದೊಂದು ಗುಣವಿದೆ. ಇದನ್ನು ಜನರಿಗೆ ಬೆನ್ನು ಹಾಕಿಯೇ ಮಾಡಬೇಕು. ಮುಖ ಗಾಜಿನ ಕಡೆಗೆ, ಕೈ ಮೊಣಕೈವರೆಗೆ ನೀರಿನಲ್ಲಿ. ಬೆನ್ನ ಹಿಂದೆ ಜನ ಬರುತ್ತಾರೆ, ಹೋಗುತ್ತಾರೆ, ಫೋನಿನಲ್ಲಿ ಯಾರ ಜೊತೆಗೋ ಕಾದಾಡುತ್ತಾರೆ. ನನ್ನನ್ನು ಕೇಳುವುದು ಒಂದೇ ಮಾತು, "ಆಯ್ತಾ?" ನಾನು ಹೇಳುವುದೂ ಒಂದೇ ಮಾತು, "ಆಯ್ತು."

ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮದುವೆಯಾಗಿತ್ತು, ಉಳಿಯಲಿಲ್ಲ. ಆ ಕಥೆ ಇಲ್ಲಿ ಬೇಡ. ಅಮ್ಮ ಇರುವ ತನಕ ಜಗಳ ಆಡುವುದಕ್ಕಾದರೂ ಒಂದು ಜೀವ ಇತ್ತು. ಆಕೆ ಹೋಗಿ ಆರು ವರ್ಷವಾಯಿತು. ತಮ್ಮ ಭಾನುವಾರ ಫೋನ್ ಮಾಡಿ, "ಏನಕ್ಕಾ, ಆರಾಮಾ?" ಎಂದು ಕೇಳಿ, ನಾನು "ಹೂಂ" ಎನ್ನುವಷ್ಟರಲ್ಲಿ ಇಟ್ಟುಬಿಡುತ್ತಾನೆ. ಒಮ್ಮೆ ಅವನೂ ಮರೆತ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳಲು ಬಾಯಿ ತೆರೆದರೆ ಗೊರಗೊರ ಶಬ್ದ ಬಂತು. ಕಂಡಕ್ಟರು, "ಮೊದ್ಲು ನೀರು ಕುಡೀರಮ್ಮ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಇಳಿದ ಮೇಲೆ ಸ್ಟಾಪಿನ ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೂರಡಿ ಉದ್ದದ ತೊಟ್ಟಿ ಇದೆ. ಹಲ್ಲು ಕೀಳಿಸಿಕೊಳ್ಳಲು ಬಂದವರು ಮೀನು ನೋಡುತ್ತ ಹೆದರಿಕೆ ಮರೆಯಲಿ ಎಂದು ಡಾಕ್ಟರ ಯೋಜನೆ. ಆದರೆ ಬಾಯಿ ಊದಿಸಿಕೊಂಡು ಕೂತವರಿಗೆ ಮೀನೇನು, ತಿಮಿಂಗಿಲವೇ ಬಂದರೂ ಅಷ್ಟೆ. ನಾಲ್ಕು ವಾರಕ್ಕೊಮ್ಮೆ ಗುರುವಾರ ನಾನು ಹೋಗಬೇಕು, ಅದೂ ಒಂದರಿಂದ ನಾಲ್ಕರ ಒಳಗೆ. ಆಗ ಕ್ಲಿನಿಕ್ ಮುಚ್ಚಿರುತ್ತದೆ, ಡಾಕ್ಟರು ಊಟಕ್ಕೆ ಹೋಗಿರುತ್ತಾರೆ, ಪೈಪಿಗೆ ಯಾರೂ ಎಡವುವುದಿಲ್ಲ. ಒಳಗೆ ಇರುವವಳು ಒಬ್ಬಳೇ, ಟೋಕನಮ್ಮ.

ಟೋಕನ್ ಕೊಟ್ಟು ಕೊಟ್ಟು ಬಂದ ಹೆಸರು ಅದು. ಡಾಕ್ಟರೂ ಹಾಗೇ ಕರೆಯುತ್ತಾರೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ದುಂಡು ಮುಖ, ಮೂಗಿನ ತುದಿಗೆ ಜಾರಿದ ಕನ್ನಡಕ. ಗಂಡ ದೂರದಲ್ಲಿ ಲಾರಿ ಓಡಿಸುತ್ತಾನೆ. ಅವಳ ಮನೆ ಎರಡು ಬಸ್ಸಿನಾಚೆ, ಹಾಗಾಗಿ ಮಧ್ಯಾಹ್ನ ಮನೆಗೆ ಹೋಗದೆ ಕೌಂಟರಿನಲ್ಲೇ ಡಬ್ಬಿ ಬಿಚ್ಚುತ್ತಾಳೆ. ಎರಡು ವರ್ಷ ನಮ್ಮಿಬ್ಬರ ನಡುವೆಯೂ "ಆಯ್ತಾ?", "ಆಯ್ತು" ಅಷ್ಟೇ ಇತ್ತು.

ಬೊಡ್ಡೆ ಬಂದದ್ದು ಆಮೇಲೆ. ತೊಟ್ಟಿಯಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕೋಟೆಯೊಂದಿತ್ತು. ಅದನ್ನು ತೆಗೆದು ಏನಾದರೂ ಸಹಜವಾದದ್ದು ಹಾಕಿ ಎಂದರು ಡಾಕ್ಟರು. ಹೊಳೆಯಲ್ಲಿ ತೇಲಿ ಬಂದು ದಡ ಸೇರಿ ಒಣಗಿದ ಬೇರು, ಬೊಡ್ಡೆ ಇವನ್ನೆಲ್ಲ ನಾವು ತೊಟ್ಟಿಗೆ ಹಾಕುತ್ತೇವೆ. ನೋಡಲು ಚೆಂದ, ಮೀನಿಗೆ ಅಡಗಿಕೊಳ್ಳಲು ಮರೆ. ಆದರೆ ಹಾಗೇ ಹಾಕುವಂತಿಲ್ಲ. ತಿಂಗಳುಗಟ್ಟಲೆ ನೀರಿನಲ್ಲಿ ನೆನೆಸಬೇಕು, ಇಲ್ಲವೇ ದಿನವಿಡೀ ಕುದಿಸಬೇಕು. ಇಲ್ಲದಿದ್ದರೆ ಮರ ಬಣ್ಣ ಬಿಡುತ್ತದೆ, ನೀರು ಟೀ ಆಗುತ್ತದೆ. ಮೀನಿಗೆ ಅದರಿಂದ ತೊಂದರೆ ಇಲ್ಲ, ಕೆಲವು ಮೀನಿಗೆ ಆ ಕೆಂಪು ನೀರೇ ಇಷ್ಟ. ತೊಂದರೆ ಇರುವುದು ನೋಡುವವರಿಗೆ. ನಾನು ಅವಸರದಲ್ಲಿದ್ದೆ, ನಾಲ್ಕೇ ದಿನ ನೆನೆಸಿದ ಬೊಡ್ಡೆಯನ್ನು ತೇಲದ ಹಾಗೆ ಚಪ್ಪಡಿ ಕಲ್ಲಿಗೆ ಕಟ್ಟಿ ತೊಟ್ಟಿಗೆ ಇಳಿಸಿದೆ. ಅದು ಬರೀ ಸೋಮಾರಿತನ, ಮೋಸವಲ್ಲ.

ವಾರ ಕಳೆಯುವುದರೊಳಗೆ ಫೋನ್ ಬಂತು.

"ಅಕ್ಕಾ, ತೊಟ್ಟಿ ನೀರು ಟೀ ಆಗೋಗಿದೆ! ಸಕ್ಕರೆ ಒಂದೇ ಬಾಕಿ!"

"ಕೊಳಕಲ್ಲ ಅದು, ಮರದ ಬಣ್ಣ."

"ಅದನ್ನ ಇಲ್ಲಿ ಕೂತಿರೋರಿಗೆ ಯಾರು ಹೇಳ್ತಾರೆ? ಇವತ್ತೊಬ್ರು, 'ಇವ್ರ ನೀರೇ ಹಿಂಗಿದೆ, ನನ್ನ ಹಲ್ಲಿನ ಗತಿ ಏನಪ್ಪಾ' ಅಂತ ಎದ್ದು ಹೋದ್ರು!"

ನಾನು ಜೋರಾಗಿ ನಕ್ಕುಬಿಟ್ಟೆ. ಯಾವ ಕಾಲವಾಗಿತ್ತೋ ಹಾಗೆ ನಕ್ಕು. ಗುರುವಾರ ಹೋಗಿ ಮೂರನೇ ಒಂದು ಪಾಲು ನೀರು ತೆಗೆದು ಹೊಸ ನೀರು ತುಂಬಿದೆ. ಹಳೆಯ ನೀರನ್ನು ಒಮ್ಮೆಗೇ ಎಲ್ಲ ತೆಗೆದರೆ ಮೀನು ಕಂಗಾಲಾಗುತ್ತವೆ, ಸ್ವಲ್ಪ ಸ್ವಲ್ಪವೇ ಮಾಡಬೇಕು. ಟೋಕನಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಿದಳು. ಫ್ಲಾಸ್ಕಿನ ಟೀಯನ್ನು ಮುಚ್ಚಳಕ್ಕೆ ಅರ್ಧ ಬಗ್ಗಿಸಿ ಕೊಟ್ಟು, "ತಗೊಳ್ಳಿ, ಇದು ತೊಟ್ಟೀದಲ್ಲ" ಅಂದಳು. ಅವತ್ತು ನಾವು ಮಾತಾಡಿದ್ದು ಏನೇನೂ ಅಲ್ಲ. ಬಸ್ಸಿನಲ್ಲಿ ಯಾರೋ ಅವಳ ಕಾಲು ತುಳಿದದ್ದು. ಸೆಟ್ಟು ಹಲ್ಲು ಕಟ್ಟಿಸಿಕೊಂಡ ಮುದುಕರೊಬ್ಬರು ಕನ್ನಡಿ ನೋಡಿ, "ಇದು ನನ್ನ ನಗು ಅಲ್ಲ, ವಾಪಸ್ ತಗೊಳ್ಳಿ" ಎಂದದ್ದು. ನನ್ನ ಅಮ್ಮ ಬೈಯುತ್ತಿದ್ದ ಬೈಗುಳಗಳು. ಮೂರು ಗಂಟೆ ಹೇಗೆ ಹೋಯಿತೋ. ಅವತ್ತು ಮನೆಗೆ ಹೋದ ಮೇಲೆ ಗಂಟಲು ಬೆಚ್ಚಗಿತ್ತು.

ಮುಂದಿನ ಗುರುವಾರವೂ ನೀರು ಕೆಂಪಾಗಿತ್ತು. ಅದರ ಮುಂದಿನ ಗುರುವಾರವೂ. ಎಷ್ಟು ಸಲ ಹೋದರೂ ನನ್ನ ಸಂಬಳ ಅಷ್ಟೇ, ದುಡ್ಡಿನಾಸೆ ಎಂದು ಯಾರೂ ತಿಳಿಯಬೇಡಿ. ಬೊಡ್ಡೆಯನ್ನು ಎತ್ತಿಕೊಂಡು ಹೋಗಿ ನೆನೆಸಿ ತಂದಿದ್ದರೆ ಮುಗಿದುಹೋಗುತ್ತಿತ್ತು. ಬಣ್ಣ ಹೀರುವ ಇದ್ದಿಲಿನ ಪೊಟ್ಟಣ ತೊಟ್ಟಿಯ ಕೆಳಗಿನ ಕಪಾಟಿನಲ್ಲೇ ಇತ್ತು. ಅದನ್ನು ಫಿಲ್ಟರಿಗೆ ಸೇರಿಸಿದ್ದರೂ ಸಾಕಿತ್ತು. ಎರಡನ್ನೂ ನಾನು ಮಾಡಲಿಲ್ಲ. ನನಗೆ ಆ ಗುರುವಾರ ಬೇಕಿತ್ತು. ನೀರು ತಿಳಿಯಾದರೆ ಗುರುವಾರ ಹೋಗುತ್ತದೆ, ಬಾಯಿ ಮತ್ತೆ ಬೀಗ ಹಾಕಿಕೊಳ್ಳುತ್ತದೆ. ಇಷ್ಟೇ ವಿಷಯ, ಇದಕ್ಕಿಂತ ದೊಡ್ಡದೇನೂ ಇರಲಿಲ್ಲ.

"ಇದೆಂಥಾ ಹಠಮಾರಿ ಕಟ್ಟಿಗೆ ಅಕ್ಕಾ, ಎಷ್ಟು ಬಣ್ಣ ಇಟ್ಕೊಂಡಿದೆ ಹೊಟ್ಟೇಲಿ!" ಎನ್ನುತ್ತಿದ್ದಳು ಟೋಕನಮ್ಮ.

"ಕೆಲವು ಮರಾನೇ ಹಂಗೆ."

"ಕುದಿಸಿದ್ರೆ ಹೋಗಲ್ವಾ?"

"ಹೋಗತ್ತೆ. ಇಡೀ ದಿನ ಕುದಿಸ್ಬೇಕು, ನಾಲ್ಕೈದು ಸಲ ನೀರು ಚೆಲ್ಲಿ ಹೊಸ ನೀರು ಹಾಕ್ಬೇಕು. ಅಷ್ಟು ದೊಡ್ಡ ಪಾತ್ರೆ ನನ್ನ ಹತ್ರ ಎಲ್ಲಿದೆ?"

"ಪಾಪ, ನಿಮಗೆಷ್ಟು ಕಷ್ಟ. ಆ ಬಕೆಟ್ ಹೊತ್ಕೊಂಡು ವಾರ ವಾರ."

ಕಳ್ಳನ ಮನಸ್ಸು ಹುಳ್ಳ ಹುಳ್ಳಗೆ ಅನ್ನುತ್ತಾರಲ್ಲ, ಹಾಗಾಗುತ್ತಿತ್ತು. ಮುಖ ಗಾಜಿನ ಕಡೆಗೆ ತಿರುಗಿಸಿ ಪಾಚಿ ಇಲ್ಲದ ಕಡೆಯೂ ಉಜ್ಜುತ್ತಿದ್ದೆ.

ಅವಳು ಮಾತಿನ ನಡುವೆ ಆಕಳಿಸುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪಿತ್ತು. ಊಟದ ಭಾರ ಎಂದುಕೊಂಡೆ. ಕೇಳಬೇಕು ಎಂದು ಹೊಳೆಯಲೇ ಇಲ್ಲ, ಏಕೆಂದರೆ ನನ್ನದೇ ಹೇಳಿ ಮುಗಿಯುತ್ತಿರಲಿಲ್ಲ. ವಾರವಿಡೀ ಕೂಡಿಟ್ಟದ್ದನ್ನೆಲ್ಲ ಅಲ್ಲಿ ಸುರಿಯುತ್ತಿದ್ದೆ. ಅವಳು ಆಕಳಿಕೆ ನುಂಗಿಕೊಂಡು, "ಆಮೇಲೆ?" ಎನ್ನುತ್ತಿದ್ದಳು. ಆ "ಆಮೇಲೆ" ಕೇಳುವುದಕ್ಕೆ ನಾನು ಬುಧವಾರದಿಂದಲೇ ತಯಾರಾಗುತ್ತಿದ್ದೆ.

ಮೂರನೇ ತಿಂಗಳಿಗೆ ಬಣ್ಣ ತೆಳುವಾಯಿತು. ಯಾವ ಬೊಡ್ಡೆಯಾದರೂ ಎಷ್ಟೂಂತ ಬಿಡುತ್ತದೆ? ಒಂದು ಗುರುವಾರ ಹೋದರೆ ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಟೋಕನಮ್ಮ ಚಪ್ಪಾಳೆ ತಟ್ಟಿ, "ಗೆದ್ದ್ವಿ ಅಕ್ಕಾ!" ಅಂದಳು. ಅವತ್ತು ಬೊಡ್ಡೆಯನ್ನು ಹೊರಗೆ ತೆಗೆದು, "ಅಡಿಗೆ ಕೊಳೆ ಹಿಡ್ದಿದೆ, ತೊಳೆದು ತರ್ತೀನಿ" ಎಂದು ಚೀಲಕ್ಕೆ ಹಾಕಿಕೊಂಡು ಹೋದೆ. ಅದೇ ಮರದ, ನೋಡಲೂ ಹಾಗೇ ಇದ್ದ ಇನ್ನೊಂದು ತುಂಡು ನನ್ನ ಮಂಚದ ಕೆಳಗಿತ್ತು, ನೀರೇ ಸೋಕದೆ ಒಣಗಿ ಕುಳಿತಿತ್ತು. ಮಾರನೆಯ ದಿನ ಅದನ್ನು ತಂದು ಕಲ್ಲಿಗೆ ಕಟ್ಟಿ ಇಳಿಸಿದೆ. ಇದು ಸೋಮಾರಿತನವಲ್ಲ, ಇದಕ್ಕೆ ಹೆಸರು ಮೋಸ. ಸೋಮವಾರವೇ ಫೋನ್ ಬಂತು, "ಅಕ್ಕಾ, ಶನಿ ಮತ್ತೆ ಶುರುವಾಯ್ತು!" ಫೋನ್ ಇಟ್ಟ ಮೇಲೆ ನಾನು ಒಬ್ಬಳೇ ಕೋಣೆಯಲ್ಲಿ ನಗುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಹದಿನೇಳು ಗುರುವಾರ ಹೀಗೆ ನಡೆಯಿತು. ಹದಿನೆಂಟನೆಯ ಗುರುವಾರ ಬಾಗಿಲು ತಳ್ಳಿ ಒಳಗೆ ಹೋದವಳು ಅಲ್ಲೇ ನಿಂತೆ. ತೊಟ್ಟಿಯಲ್ಲಿ ನೀರು ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖನ್ನು ಅದರ ಮೂಲಕ ಓದಬಹುದಿತ್ತು. ಮೀನುಗಳು ಬರೀ ಗಾಳಿಯಲ್ಲಿ ನೇತುಬಿದ್ದಿದ್ದವು.

ಟೋಕನಮ್ಮ ಕೌಂಟರಿನ ಹಿಂದಿನಿಂದ ಓಡಿ ಬಂದಳು. ಮುಖವಿಡೀ ನಗು.

"ಹೆಂಗಿದೆ? ಹೇಳಿ, ಹೆಂಗಿದೆ?"

"ಏನ್ ಮಾಡಿದ್ರಿ?"

"ಶನಿವಾರ ಸಂಜೆ ಆ ಬೊಡ್ಡೇನ ಚೀಲಕ್ಕೆ ಹಾಕ್ಕೊಂಡು ಮನೆಗೆ ಒಯ್ದೆ. ನಮ್ಮನೇಲಿ ಸ್ನಾನಕ್ಕೆ ನೀರು ಕಾಯಿಸೋ ದೊಡ್ಡ ಪಾತ್ರೆ ಇದೆಯಲ್ಲ, ಅದ್ರಲ್ಲಿ ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೂ ಕುದಿಸ್ದೆ. ಐದು ಸಲ ನೀರು ಚೆಲ್ಲಿದೆ. ಅಬ್ಬಬ್ಬಾ, ಏನ್ ಬಣ್ಣ, ಏನ್ ಬಣ್ಣ! ಮನೆಯೆಲ್ಲಾ ಮರದ ವಾಸನೆ. ಐದನೇ ಸಲ ಬರೀ ನೀರು ಬಂತು ನೋಡಿ, ಆಗ ಬಿಟ್ಟೆ. ಸೋಮವಾರ ಎರಡು ಬಕೆಟ್, ಮಂಗಳವಾರ ಎರಡು ಬಕೆಟ್, ನಿನ್ನೆ ಎರಡು. ನಲ್ಲಿ ನೀರಿನ ಔಷಧಿ ಹೋಗ್ಲಿ ಅಂತ ಮೊದಲೇ ಹಿಡಿದಿಟ್ಟು, ನೀವು ಹೇಳ್ತಿದ್ದ ಹಾಗೇ. ನಾಲ್ಕು ತಿಂಗಳಿಂದ ನೋಡ್ತಿಲ್ವಾ? ಕಪಾಟಲ್ಲಿ ಇದ್ದಿಲಿನ ಪೊಟ್ಟಣ ಹಾಗೇ ಬಿದ್ದಿತ್ತು. ಮೇಲೆ ಬರ್ದಿತ್ತಲ್ಲ, ನೀರಿನ ಬಣ್ಣ ತೆಗೆಯುತ್ತೆ ಅಂತ. ಅದನ್ನೂ ಹಾಕ್ದೆ. ನೀವು ಮರೆತಿದ್ರಿ ಅನ್ಸತ್ತೆ."

"ಹೂಂ, ಮರೆತಿದ್ದೆ."

"ಇನ್ನು ಮೊದಲಿನ ಹಾಗೆ ನಾಲ್ಕು ವಾರಕ್ಕೊಮ್ಮೆ ಬಂದ್ರೆ ಸಾಕು. ಡಾಕ್ಟ್ರಿಗೂ ಹೇಳಿದೀನಿ, ಮೀನಕ್ಕಂಗೆ ಆ ಭಾರ ಹೊರೋ ಕಷ್ಟ ತಪ್ತು ಅಂತ." ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ನಿಜ ಹೇಳ್ತೀನಿ, ನಂಗೂ ಅನುಕೂಲ ಆಯ್ತು. ನಮ್ಮತ್ತೆ ಹಾಸಿಗೆ ಹಿಡಿದು ಎರಡು ವರ್ಷ ಆಯ್ತಲ್ಲ. ಕೆಲಸದ ದಿನ ಹಗಲು ಪಕ್ಕದ ಮನೆಯವ್ರು ನೋಡ್ಕೋತಾರೆ, ರಾತ್ರಿ ನಾನೇ ನಾಲ್ಕು ಸಲ ಎದ್ದು ಮಗ್ಗಲು ಬದಲಾಯಿಸ್ಬೇಕು, ಇಲ್ಲಾಂದ್ರೆ ಬೆನ್ನು ಹುಣ್ಣಾಗತ್ತೆ. ನಾನು ಮಲಗೋದೇ ಇಲ್ಲಿ, ಈ ಬೆಂಚ್ ಮೇಲೆ, ಒಂದರಿಂದ ನಾಲ್ಕು. ನೀವು ಬಂದಾಗ ಹೇಗೆ ಮಲಗಲಿ? ಪಾಪ, ಒಬ್ರೇ ದುಡೀತಿರ್ತಾರೆ, ನಾನು ಗೊರಕೆ ಹೊಡೆಯೋದಾ ಅಂತ ಕೂತಿರ್ತಿದ್ದೆ."

ಅತ್ತೆಯ ವಿಷಯ ಅವಳು ಅದಕ್ಕೆ ಮೊದಲು ಹೇಳಿದ್ದಳೋ ಇಲ್ಲವೋ, ಆಣೆ ಮಾಡಿ ಹೇಳುತ್ತೇನೆ, ನನಗೆ ನೆನಪಿಲ್ಲ. ಹೇಳಿದ್ದರೂ ನಾನು ಮಧ್ಯೆ ಬಾಯಿ ಹಾಕಿ ನಮ್ಮ ಕೆಳಗಿನ ಸೈಕಲ್ ಅಂಗಡಿಯವನ ಕಥೆ ತೆಗೆದಿರಬೇಕು. ನಾನು ಗಾಜು ಒರೆಸುವ ಬಟ್ಟೆ ಹಿಡಿದುಕೊಂಡು ಒಣಗಿದ ಗಾಜನ್ನೇ ಒರೆಸಿದೆ.

"ಚೆನ್ನಾಗಿದೆ. ನನ್ನ ಕೈಲೂ ಇಷ್ಟು ತಿಳಿ ಆಗ್ತಿರಲಿಲ್ಲ," ಅಂದೆ.

ಅವಳು ಚಿಕ್ಕ ಹುಡುಗಿಯ ಹಾಗೆ ಹಿಗ್ಗಿದಳು. ನಾನು ಹತ್ತೇ ನಿಮಿಷದಲ್ಲಿ ಹೊರಗೆ ಬಂದೆ, ಮಾಡುವುದಕ್ಕೆ ಏನೂ ಇರಲಿಲ್ಲ. ಬೀದಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ಉಂಡದ್ದು ಅವಳು. ನನ್ನ ಹರಟೆಯನ್ನು ಸ್ನೇಹ ಎಂದುಕೊಂಡಿದ್ದೆ. ಅಷ್ಟೂ ದಿನ ಅವಳು ನಿದ್ದೆ ಬಿಟ್ಟು ಒಬ್ಬ ಕೆಲಸದವಳಿಗೆ ಮರ್ಯಾದೆ ಕೊಡುತ್ತಿದ್ದಳು.

ಮುಂದಿನ ಮೂರು ಗುರುವಾರ ಏನು ಮಾಡಿದೆ ಎಂದು ಕೇಳಬೇಡಿ. ಒಂದು ಗುರುವಾರ ಮನೆಯ ಸಾಮಾನೆಲ್ಲ ಕೆಳಗಿಳಿಸಿ ಕಪಾಟು ಒರೆಸಿ ಮತ್ತೆ ಅದೇ ಜಾಗದಲ್ಲಿಟ್ಟೆ. ಇನ್ನೊಂದು ಗುರುವಾರ ತಮ್ಮನಿಗೆ ನಾನೇ ಫೋನ್ ಮಾಡಿದೆ. "ಏನಕ್ಕಾ, ಏನಾಯ್ತು? ಆಸ್ಪತ್ರೇಲಿದ್ದೀಯಾ?" ಎಂದು ಗಾಬರಿಯಾದ. ಏನೂ ಇಲ್ಲ ಕಣೋ, ಸುಮ್ಮನೆ ಮಾಡಿದೆ ಎಂದರೆ ಅವನಿಗೆ ಅರ್ಥವಾಗಲಿಲ್ಲ. "ಮೀಟಿಂಗಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಅಂದ. ಮಾಡಲಿಲ್ಲ. ಮೂರನೆಯ ಗುರುವಾರ ಎರಡು ಗಂಟೆಗೆ ಕ್ಲಿನಿಕ್ಕಿನ ಎದುರಿನ ಔಷಧಿ ಅಂಗಡಿಯವರೆಗೆ ಹೋಗಿ, ಬೇಡದ ಕೆಮ್ಮಿನ ಮಾತ್ರೆ ತೆಗೆದುಕೊಂಡು ವಾಪಸ್ ಬಂದೆ.

ನಾಲ್ಕನೆಯದು ನನ್ನ ಸರದಿ. ಒಂದೂವರೆಗೆ ಹೋದೆ. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಟೋಕನಮ್ಮ ಬೆಂಚಿನ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು, ತಲೆಯ ಕೆಳಗೆ ಮಡಿಸಿದ ಶಾಲು, ತಲೆಯ ಪಕ್ಕ ಕನ್ನಡಕ. ನಾನು ಚಪ್ಪಲಿ ಹೊರಗೇ ಬಿಟ್ಟೆ. ಪೈಪಿನ ತುದಿಯನ್ನು ಬಕೆಟ್ಟಿನ ಗೋಡೆಗೆ ಆನಿಸಿ ಹಿಡಿದೆ, ನೀರು ಬೀಳುವ ಸದ್ದು ಬರದ ಹಾಗೆ. ಹೊಸ ನೀರನ್ನು ಅಂಗೈ ಮೇಲಿಂದ ಜಾರಿಸಿ ಜಾರಿಸಿ ಬಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಬೊಡ್ಡೆ ತನ್ನ ಪಾಡಿಗೆ ತಾನು ಕೂತಿತ್ತು, ಅದರಲ್ಲಿ ಇನ್ನು ಏನೂ ಉಳಿದಿರಲಿಲ್ಲ.

ಹೋಗಬೇಕಿತ್ತು, ಹೋಗಲಿಲ್ಲ. ಎದುರು ಬೆಂಚಿನ ಮೇಲೆ ಕೂತೆ. ಒಂದು ಜೀವ ಇನ್ನೊಂದು ಜೀವದ ಎದುರು ಉಸಿರಾಡುತ್ತಿದೆ, ಸಾಕು ಎನ್ನಿಸಿತು. ನನ್ನ ಮನೆಯಲ್ಲಿ ಅದೂ ಇಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಂಡೆ, ಮತ್ತೆ ತುಂಬಿತು.

ಮೂರೂಮುಕ್ಕಾಲಿಗೆ ಅವಳು ಮಗ್ಗಲು ತಿರುಗಿ ಕಣ್ಣು ಬಿಟ್ಟಳು.

"ಅಯ್ಯೋ ಅಕ್ಕಾ! ಯಾವಾಗ ಬಂದ್ರಿ?"

"ಒಂದೂವರೆಗೆ."

"ಕೆಲಸ?"

"ಆಗಲೇ ಮುಗೀತು."

"ಮತ್ತೆ ಇಷ್ಟೊತ್ತು ಏನ್ ಮಾಡ್ತಿದ್ರಿ?"

"ಕೂತಿದ್ದೆ."

"ಯಾಕೆ?"

ಆ "ಯಾಕೆ"ಗೆ ಸುಳ್ಳು ಬೇಕಾದಷ್ಟಿತ್ತು. ಬಸ್ಸಿಲ್ಲ, ಬಿಸಿಲು, ಕಾಲು ನೋವು. ಒಂದೂ ಬಾಯಿಗೆ ಬರಲಿಲ್ಲ. "ಆ ಬೊಡ್ಡೇನ ನೆನೆಸದೆ ಹಾಕಿದ್ದು ನಾನು," ಅಂದೆ. "ಮೊದಲನೇದು ಅವಸರಕ್ಕೆ. ಎರಡನೇದು ಬೇಕೂಂತಲೇ. ಮೊದಲನೇದ್ರ ಬಣ್ಣ ಮುಗೀತು ಅಂತ ಒಣಗಿದ್ದು ಇನ್ನೊಂದು ತಂದು ಹಾಕ್ದೆ. ಇದ್ದಿಲು ಮರೆತದ್ದಲ್ಲ, ಹಾಕಲಿಲ್ಲ."

ಟೋಕನಮ್ಮ ಕನ್ನಡಕ ಹಾಕಿಕೊಂಡು ನನ್ನನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡಿದಳು.

"ಯಾಕೆ ಹಂಗ್ ಮಾಡಿದ್ರಿ?"

"ನೀರು ಕೆಂಪಾಗಿದ್ರೆ ನೀವು ಫೋನ್ ಮಾಡ್ತಿದ್ರಿ."

ಅವಳು ಬೆರಳು ಮಡಚಿ ಎಣಿಸಿದಳು, ಒಂದು ಕೈ ಮುಗಿದು ಇನ್ನೊಂದು ಕೈ, ಮತ್ತೆ ಮೊದಲಿನ ಕೈ, ಮೇಲೆ ಇನ್ನೆರಡು ಬೆರಳು.

"ಹದಿನೇಳು! ಹದಿನೇಳು ಮಧ್ಯಾಹ್ನ ಕಣೇ! ಗುರುವಾರ ನಿದ್ದೆ ಇಲ್ಲ ಅಂತ ಶುಕ್ರವಾರ ನಾನು ಟೋಕನ್ ತಪ್ಪು ಕೊಟ್ಟು ಬೈಸ್ಕೋತಿದ್ದೆ. ಭಾನುವಾರ ಇಡೀ ಒಲೆ ಮುಂದೆ ನಿಂತು ಬೆಂದೆ. ಮೈಯೆಲ್ಲಾ ಬೆವರು, ಆ ಕಡೆ ಅತ್ತೆ ಕರೀತಾರೆ, ಈ ಕಡೆ ನೀರು ಉಕ್ಕತ್ತೆ. ಅಷ್ಟೂ ನಿಂಗೋಸ್ಕರ! ಒಂಚೂರಾದ್ರೂ ಮನುಷ್ಯತ್ವ ಬೇಡ್ವಾ ನಿಂಗೆ?"

ಸಿಟ್ಟಿನಲ್ಲಿ "ನೀವು" ಹೋಗಿ "ನೀನು" ಬಂದಿತ್ತು. ಬೈಸಿಕೊಳ್ಳುವಾಗಲೂ ನನಗೆ ಅದು ಹಿತವಾಗಿತ್ತು, ಎಂಥ ನಾಚಿಕೆಗೇಡು ನೋಡಿ.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?" ಎಂದು ಕೇಳಿದಳು.

"ಏನಂತ ಹೇಳಲಿ?" ನನ್ನ ದನಿಯೂ ಏರಿತು. "ಹಲ್ಲು ನೋಯ್ತಿದ್ರೆ ನಿಮ್ಮ ಹತ್ರ ಬಂದು ಟೋಕನ್ ತಗೋಬೋದು. ಮಾತಾಡೋಕೆ ಜನ ಇಲ್ಲ ಅಂತ ಯಾವ ಕೌಂಟರಿಗೆ ಹೋಗಿ ಕೇಳ್ಬೇಕು? ಹೇಳಿ, ಹೋಗ್ತೀನಿ."

ಹೊರಗೆ ಯಾರೋ ಬಾಗಿಲು ಬಡಿದರು. ನಾಲ್ಕು ಗಂಟೆಯಾಗಿತ್ತು. ಅವಳು ಶಾಲು ಮಡಿಸಿಟ್ಟು, ತಲೆ ಸರಿ ಮಾಡಿಕೊಂಡು ಬಾಗಿಲು ತೆರೆದಳು. ಕೆನ್ನೆಗೆ ಕರವಸ್ತ್ರ ಒತ್ತಿಕೊಂಡ ಒಬ್ಬಾತ ಬಂದ, ಅವನ ಹಿಂದೆ ತಾಯಿ ಮಗಳು. ನಾನು ಬಕೆಟ್ಟಿನೊಳಗೆ ಪೈಪು ಸುತ್ತಿಟ್ಟು ಬಾಗಿಲ ಕಡೆಗೆ ಹೊರಟೆ. ಇನ್ನು ಈ ಕೆಲಸವೂ ಹೋಯಿತು, ಡಾಕ್ಟರಿಗೆ ಹೇಳುತ್ತಾಳೆ, ಹೇಳಲಿ, ಹೇಳಬೇಕಾದ್ದೇ ಎಂದುಕೊಂಡೆ.

"ಭಾನುವಾರ ಮೂರು ಗಂಟೆಗೆ ಮನೆಗೆ ಬಾ," ಅಂದಳು ಟೋಕನಮ್ಮ. ತಲೆ ಎತ್ತಲಿಲ್ಲ, ಕರವಸ್ತ್ರದವನ ಹೆಸರು ಬರೆಯುತ್ತಿದ್ದಳು.

"ಯಾಕೆ?"

"ನಾನು ಮಲಗೋಕೆ. ಅತ್ತೆ ಹತ್ರ ಒಬ್ರು ಕೂರ್ಬೇಕಲ್ಲ. ಹದಿನೇಳು ಮಧ್ಯಾಹ್ನ ತಿಂದು ತೇಗಿದೀಯ, ವಾಪಸ್ ಕೊಡು."

"ನಾನು ಬಂದಾಗ ನೀನು ಮಲಗಿರ್ತೀಯಾ?"

"ಮತ್ತೆ? ನಿನ್ನ ಹತ್ರ ಹರಟೆ ಹೊಡ್ಕೊಂಡು ಕೂತಿರ್ತೀನಾ?" ಎಂದು ವಿಳಾಸ ಬರೆದ ಚೀಟಿಯನ್ನು ಟೋಕನ್ನಿನ ಹಾಗೆ ನನ್ನ ಕಡೆ ತಳ್ಳಿದಳು. "ಮುಂದಿನವರು ಬನ್ನಿ."

ಭಾನುವಾರ ಹೋದೆ. ಬಕೆಟ್ಟಿಲ್ಲದೆ ಇನ್ನೊಬ್ಬರ ಮನೆಗೆ ಹೋಗಿ ಎಷ್ಟು ವರ್ಷವಾಗಿತ್ತೋ, ದಾರಿಯುದ್ದಕ್ಕೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೂರನೇ ಮಹಡಿ. ಬಾಗಿಲು ತೆರೆದ ಟೋಕನಮ್ಮನ ಕಣ್ಣು ಆಗಲೇ ಅರ್ಧ ಮುಚ್ಚಿತ್ತು. ಬನ್ನಿ, ಕೂತ್ಕೊಳ್ಳಿ ಎನ್ನುವುದೇನೂ ಇಲ್ಲ. ನೀರಿನ ಲೋಟ ಇಲ್ಲಿ, ಮಾತ್ರೆ ಇಲ್ಲಿ, ನಾಲ್ಕು ಗಂಟೆಗೆ ಒಂದು. ಮಗ್ಗಲು ಬದಲಾಯಿಸುವಾಗ ಭುಜ ಹಿಡಿದು ಎಳೆಯಬಾರದು, ಸೊಂಟದ ಕೆಳಗೆ ಕೈ ಕೊಡಬೇಕು, ಹೀಗೆ. ಕಿವಿ ಮಂದ, ಹತ್ತಿರ ಹೋಗಿ ಮಾತಾಡು. ಇಷ್ಟು ಹೇಳಿ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಎರಡು ನಿಮಿಷದಲ್ಲಿ ಗೊರಕೆ ಕೇಳಿಸಿತು.

ಕಿಟಕಿಯ ಪಕ್ಕದ ಮಂಚದ ಮೇಲೆ ಅವಳ ಅತ್ತೆ ಮಲಗಿದ್ದರು. ಹಿಡಿಯಷ್ಟು ಮೈ. ಕಣ್ಣು ಮಾತ್ರ ಚುರುಕು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರಮ್ಮ ನೀನು? ನರ್ಸಾ?"

ಅಲ್ಲ ಎಂದು ತಲೆ ಆಡಿಸಿದೆ.

"ನೆಂಟರಾ? ನನ್ನ ಮಗನ ಕಡೆಯವ್ರಾ?"

ಅದಕ್ಕೂ ತಲೆ ಆಡಿಸಿದೆ.

"ಮತ್ತೆ ಯಾರು? ಬಾಯಲ್ಲಿ ಹೇಳು."

ಏನು ಹೇಳಬೇಕೆಂದು ಯೋಚಿಸಿದೆ. ಮೀನಿನ ತೊಟ್ಟಿ ತೊಳೆಯುವವಳು ಎಂದರೆ ಈ ಮನೆಯಲ್ಲಿ ತೊಟ್ಟಿಯೇ ಇಲ್ಲ. ಹೇಳಬೇಕೆನ್ನಿಸಿದ್ದು ಒಂದೇ ಪದ. ಅದನ್ನು ಅವರಿಗೆ ಕೇಳುವಷ್ಟು ಜೋರಾಗಿ ಹೇಳಿದರೆ ಒಳಗೆ ಮಲಗಿದವಳು ಏಳುತ್ತಾಳೆ. ಎದ್ದು, ಅಲ್ಲ ಎಂದುಬಿಟ್ಟರೆ? ಮಂಚದ ಅಂಚಿಗೆ ಕೂತು, ಬಾಗಿ, ಅವರ ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಹೋದೆ.

"ಗೆಳತಿ," ಅಂದೆ. "ನಿಮ್ಮ ಸೊಸೆಗೆ."

ಮುದುಕಿ ಹುಬ್ಬು ಗಂಟಿಕ್ಕಿ ನನ್ನ ಮುಖವನ್ನೇ ನೋಡಿದರು.

"ಗೆಳತೀನಾ? ಅವಳು ಯಾವತ್ತೂ ಹೇಳೇ ಇಲ್ವಲ್ಲ."

ಒಳಗೆ ಗೊರಕೆ ಒಂದೇ ಸಮ ನಡೆದಿತ್ತು. ನಾನು ಅವರ ಹೊದಿಕೆಯನ್ನು ಸರಿ ಮಾಡಿದೆ.

"ಇನ್ನೂ ಹೇಳೋವಷ್ಟು ಆಗಿಲ್ಲಮ್ಮ," ಅಂದೆ.